ಹಿಂದಿನ ಎಡಗಾಲಿ ಮೊದಲು

ಮೊನ್ನೆ ನೌಬಾದಿನ ಇಳಿಜಾರಿನಲ್ಲಿ
ಬ್ರೇಕು ತುಳಿದರೆ ಕಾಲು ನೆಲಕ್ಕೇ ಹೋಯಿತು,
ಹತ್ತಿ ಸತ್ತ ಗಾದಿಯ ಮೇಲೆ ಕೂತ ಹಾಗೆ.
ಎರಡನೇ ಸಲಕ್ಕೆ ಅಷ್ಟಿಷ್ಟು ಹಿಡಿಯಿತು.
ಮುಂದಿದ್ದ ಎಮ್ಮೆ ತಿರುಗಿಯೂ ನೋಡಲಿಲ್ಲ.

"ಪೈಪಿನಾಗ ಹವಾ ಹೊಕ್ಕದ ಸಿಸ್ಟರ್," ಅಂದ ಗಫಾರ್ ಮಿಸ್ತ್ರಿ,
ಬಾನೆಟ್ಟು ಎತ್ತುವ ಮೊದಲೇ.
"ಎಣ್ಣಿ ಒತ್ತಿದ್ರ ಒತ್ತಿದಲ್ಲಿಗಿ ಹೋಗ್ತದ.
ಹವಾ ಹಂಗಲ್ಲ, ತಾನೇ ಸಣ್ಣದಾಗಿ ಕೂಡ್ತದ,
ನಿಮ್ಮ ಕಾಲಿನ ಮಾತು ಗಾಲಿಗಿ ಮುಟ್ಟಸಂಗಿಲ್ಲ."

ಅವನಿಗೆ ಬೇಕಾದದ್ದು ಕಣ್ಣಿಗೆ ಕಾಣುವ ಒಂದು ನಳಿಗೆ,
ಒಂದು ಬಾಟಲಿ, ಪೆಡಲಿನ ಮೇಲೊಂದು ಕಾಲು.
ಮಿಷನ್ ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಸವೆಸಿದವಳ ಮನೆಯಲ್ಲಿ
ಸಲೈನ್ ಪೈಪಿಗೆ ಹುಡುಕಾಟವೇ?

ಚಿದ್ರಿ ರಸ್ತೆ, ಬೇವಿನ ನೆರಳು, ಕೆಂಪು ಗರಸು.
ಎಬೆನೇಜರ್ ಡಾಕ್ಟರಿಂದ ಕೊಂಡ ಎಂಬತ್ತೊಂಬತ್ತರ ಪದ್ಮಿನಿ
ಇಟ್ಟಿಗೆಗಳ ಮೇಲೆ ಹಿಂಭಾಗ ಎತ್ತಿ ನಿಂತಿದೆ.
ಕೆಳಗೆ ಗಫಾರ್. ನನಗೆ ಕಾಣುವುದು
ಕನ್ನಡಿಯಲ್ಲಿ ಅವನ ಎರಡು ಅಂಗಾಲು ಮಾತ್ರ.

"ದಬಾಯಿಸ್ರಿ." ದಬಾಯಿಸಿದೆ.
"ಹಿಡೀರಿ." ಹಿಡಿದೆ.
ಪಾನಾ ಕಾಲು ಸುತ್ತು ತಿರುಗುತ್ತದೆ,
ಪಾದದಡಿಯ ಬಿಗಿ ಎಲ್ಲಿಗೋ ಕರಗಿ
ಪೆಡಲು ಮುಳುಗುತ್ತದೆ.
ಅವನು ಅಲ್ಲಿ ಮುಚ್ಚುವ ತನಕ ನಾನಿಲ್ಲಿ ಬಿಡಬಾರದು,
ಬಿಟ್ಟರೆ ಹೊರಬಿದ್ದದ್ದು ಮತ್ತೆ ಒಳಗೆ.
"ಈಗ ಬಿಡ್ರಿ."

ಬಾಟಲಿಯಲ್ಲಿ ನೂರು ಸಲ ಕುದಿಸಿದ ಚಹಾದ ಬಣ್ಣ.
ಗುಳ್ಳೆ ಬರುತ್ತವೆ, ಜೋಳದ ಕಾಳಿನಷ್ಟು, ಸಾಸಿವೆಯಷ್ಟು.
ಸ್ಟೇರಿಂಗಿನ ಮೇಲಿದ್ದ ನನ್ನ ಬೆರಳು
ತಾನಾಗಿಯೇ ಗಾಳಿಯಲ್ಲಿ ಟಕ್ ಟಕ್ ಬಡಿಯುತ್ತದೆ,
ಅಲ್ಲಿಲ್ಲದ ನಳಿಗೆಯನ್ನು.

ಈ ಊರಿನ ಕೆಳಗೂ ಒಂದು ನೀರಿನ ದಾರಿ ಇದೆ,
ಹೆಜ್ಜೆಗಿಷ್ಟು ಅಂತ ಬಾಯಿ ತೆರೆದ ಸುರಂಗ ಬಾವಿ.
ಚಿಕ್ಕವಳಿದ್ದಾಗ ಕಲ್ಲು ಹಾಕಿ ಕಿವಿಗೊಟ್ಟು ಕಾಯುತ್ತಿದ್ದೆ.
"ಅದಕ್ಕ ಹವಾ ಬೇಕು, ಇದಕ್ಕ ಬ್ಯಾಡ, ನೋಡಪ್ಪಾ," ಅಂದೆ.
"ಅದು ನೀರ್ರಿ, ಇದು ಎಣ್ಣಿ. ದಬಾಯಿಸ್ರಿ."

ಮೂರನೇ ಗಾಲಿ. ಪೆಡಲು ನಿಲ್ಲಲು ಕಲಿಯುತ್ತಿತ್ತು.
ಒಮ್ಮೆಗೇ ಕುಸಿಯಿತು.
"ಡಬ್ಬಿ ಯಾರ್ ನೋಡ್ಲತ್ತಿದ್ರು?"
ಹುಡುಗ ನಾಗಸೇನ ನೋಡುತ್ತಿದ್ದ, ತಂತಿಗೆ ಸಿಕ್ಕ ಪತಂಗವನ್ನು.
ಎಣ್ಣೆಯ ಡಬ್ಬಿ ಒಣಗಿತ್ತು. ಮಾಡಿದ್ದೆಲ್ಲ ಹೋಯಿತು.
ಗಫಾರ್ ಹೊರಗೆ ತೆವಳಿ ಬಂದ, ಕೈಯಲ್ಲಿ ಪಾನಾ.
ಹುಡುಗನ ತುಟಿ ಬಿಳಿಚಿತು.

ಏಳನೇ ಮಂಚ.
ಬಿದರಿ ಕೆಲಸದ ಮುದುಕ, ಬೆರಳಿಂದ ಕಪ್ಪು ಬಿಡದವನು.
ರಾತ್ರಿ ಮೂರಕ್ಕೆ ಗೋಡೆಗೆ ಆತು ನಿಂತವಳು
ನಿಂತಲ್ಲೇ ನಿದ್ದೆ ಹೋಗಿದ್ದೆ.
ಕಣ್ಣು ಬಿಟ್ಟರೆ ಬಾಟಲಿ ಖಾಲಿ,
ನಳಿಗೆಯಲ್ಲಿ ಅವನ ರಕ್ತ ಗೇಣುದ್ದ ಮೇಲೇರಿತ್ತು.
ಎಚ್ಚರವಾಗಿಯೇ ಇದ್ದ, ಅದನ್ನೇ ನೋಡುತ್ತ.
"ಕರೀಬಾರದಾ, ಅಜ್ಜಾ?"
"ನಿಂತು ಮಲಗಿದವರಿಗಿ ಯಾರ್ ಎಬ್ಬಸ್ತಾರವ್ವಾ."
ಡಾಕ್ಟರಿಗೆ ಅವನೂ ಹೇಳಲಿಲ್ಲ.
ನಾನಂತೂ ಇವತ್ತಿನವರೆಗೂ ಹೇಳಿಲ್ಲ.

"ಗಫಾರ್," ಅಂದೆ, "ನನ್ನ ಕಾಲು ಇನ್ನೂ ದಣದಿಲ್ಲ."
ಅವನು ಹುಡುಗನನ್ನು ನೋಡಿದ, ನನ್ನನ್ನು ನೋಡಿದ,
ಪಾನಾ ಪ್ಯಾಂಟಿಗೆ ಒರೆಸಿದ.
"ಮೊದಲಿಂದ ಅಂದ್ರ ಮೊದಲಿಂದೇ. ಹಿಂದಿನ ಎಡಗಾಲಿ."
ಮಡ್‌ಗಾರ್ಡಿನ ಮೇಲೆ ಚೆಲ್ಲಿದ ಹನಿಗೆ ನೀರು ಸುರಿದ;
ಈ ಎಣ್ಣೆ ಬಣ್ಣ ತಿನ್ನುತ್ತದೆ.

ಬಿಸಿಲು ಬೇವು ದಾಟಿ ಸೀಟಿನೊಳಗೆ ಬಂತು.
ದಬಾಯಿಸಿದೆ, ಹಿಡಿದೆ, ಬಿಟ್ಟೆ.
ಬಾಟಲಿಗೆ ಈಗ ಜೇನಿನ ಬಣ್ಣ, ಗುಳ್ಳೆ ವಿರಳ.
ಪೆಡಲು ಅರ್ಧಕ್ಕೇ ನಿಂತು
ಪಾದವನ್ನು ತಿರುಗಿ ಒತ್ತಿತು.

ಯಾರೂ ಕೇಳದಿದ್ದರೂ, ಡಬ್ಬಿಯ ಮೇಲೆ ಬಾಗಿ,
ಮುಚ್ಚಳ ಎದೆಗವುಚಿ, ಕಣ್ಣು ಪಿಳುಕಿಸದೆ
ಹುಡುಗ ಕೂಗುತ್ತಲೇ ಇದ್ದಾನೆ:
"ಅದ ಸಿಸ್ಟರ್, ಅದ. ಇನ್ನಾ ಅದ."